ಯಾವ ಕಳ್ಳಿ ಅಂತ ಕೇಳದ ರಾಜ

ಒಂದಾನೊಂದು ಕಾಲದಲ್ಲಿ, ಕಾಲು ನೀಡ್ಕೊಂಡು ಮಲ್ಕೋ ಚಿನ್ನಿ, ಕಂಬಳಿ ಒದೀಬೇಡ, ಒಂದಾನೊಂದು ಕಾಲದಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜ ಇದ್ದನಂತೆ. ನೋಡೋಕೆ ಆಳು ಚೆನ್ನಾಗೇ ಇದ್ದ, ಒಳ್ಳೆ ಎತ್ತರ, ಗಿರಿಜಾ ಮೀಸೆ, ಕಿವೀಲಿ ಒಂಟಿ. ಕೆಟ್ಟವನೂ ಅಲ್ಲವಂತೆ, ಯಾರದ್ದೂ ಕಿತ್ಕೊಂಡು ತಿಂದವನಲ್ಲ, ಯಾರ ಮನೇನೂ ಮುರಿದವನಲ್ಲ. ಆದರೆ ಅವನಿಗೊಂದು ರೋಗ ಇತ್ತು. ಯಾರನ್ನೂ ಏನನ್ನೂ ಕೇಳ್ತಿರಲಿಲ್ಲ. ಯಾಕೆ ಅಂತ ಕೇಳ್ತಿರಲಿಲ್ಲ, ಯಾರು ಅಂತ ಕೇಳ್ತಿರಲಿಲ್ಲ, ಊಟಕ್ಕೆ ಕೂತಾಗ ಇವತ್ತು ಏನು ಸಾರು ಅಂತಲೂ ಕೇಳ್ತಿರಲಿಲ್ಲವಂತೆ. ಎದುರಿಗೆ ಏನು ಬಂದರೂ ಗೊತ್ತು ಗೊತ್ತು ಅನ್ನೋನು. ಅದಕ್ಕೇ ಊರ ಜನ ಎದುರಿಗೆ ಬುದ್ಧೀ ಬುದ್ಧೀ ಅಂತ ಕೈ ಮುಗಿದು, ಹಿಂದಿನಿಂದ ಗೊತ್ತಪ್ಪ ಅಂತ ಆಡ್ಕೋತಿದ್ದರಂತೆ.

ಈ ರೋಗ ಎಲ್ಲಿಂದ ಬಂತು ಅಂದರೆ ಅವನ ಅಪ್ಪ ಮುದಿರಾಜ ಸಾಯೋ ಹೊತ್ತಲ್ಲಿ ಮಗನ್ನ ಹತ್ತಿರ ಕರೆದು, ಮಗಾ, ಜನರ ಹತ್ತಿರ ಏನೂ ಕೇಳಬೇಡ ಕಣಪ್ಪ ಅಂದಿದ್ದನಂತೆ. ಪಾಪ, ಆ ಮುದುಕ ಹೇಳಿದ್ದೇನು? ಜನರ ಮುಂದೆ ಕೈ ಚಾಚಬೇಡ, ಕುರಿ ಕೊಡಿ ಕೋಳಿ ಕೊಡಿ ಅಂತ ಪೀಡಿಸಬೇಡ ಅಂತ. ಈ ಮಗರಾಯ ತಿಳ್ಕೊಂಡಿದ್ದೇನು? ಬಾಯಿಬಿಟ್ಟು ಒಂದು ಪ್ರಶ್ನೇನೂ ಕೇಳಬಾರದು ಅಂತ. ಅಪ್ಪಾ ಹಂಗಂದರೇನು ಅಂತ ಒಂದು ಮಾತು ಕೇಳಿದ್ದಿದ್ದರೆ ಅಲ್ಲಿಗೇ ಮುಗಿದುಹೋಗ್ತಿತ್ತು. ಕೇಳಬೇಡ ಅಂತ ಅಪ್ಪನೇ ಅಂದಮೇಲೆ ಇವನು ಹೆಂಗೆ ಕೇಳ್ತಾನೆ ಹೇಳು! ಹಂಗೇ ತಲೆ ಅಲ್ಲಾಡಿಸಿದ, ಅಪ್ಪ ಕಣ್ಣು ಮುಚ್ಚಿದ, ಇವನು ಸಿಂಹಾಸನ ಹತ್ತಿ ಕೂತ. ಆಮೇಲೆ ಅದಕ್ಕೊಂದು ಕಾನೂನು ಬೇರೆ ಮಾಡಿಬಿಟ್ಟನಂತೆ. ರಾಜರು ಕೇಳಿದರೆ ಮಾತ್ರ ಉತ್ತರ ಹೇಳಬೇಕು, ಕೇಳದೆ ಯಾರೂ ತುಟಿ ಬಿಚ್ಚಬಾರದು ಅಂತ. ಅವನು ಕೇಳೋನಲ್ಲ, ಇವರು ಹೇಳೋ ಹಂಗಿಲ್ಲ. ಆಸ್ಥಾನದಲ್ಲಿ ನೊಣ ಹಾರಿದ್ದೂ ಕೇಳಿಸ್ತಿತ್ತಂತೆ. ದಿನಾ ಬೆಳಿಗ್ಗೆ ಮಂತ್ರಿ ಒಬ್ಬ ಮಾತ್ರ ಊರಿನ ಸುದ್ದಿ ಒಪ್ಪಿಸ್ತಿದ್ದ, ಅದೂ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೇದು, ರಾಜರಿಗೆ ಉದ್ದುದ್ದ ಮಾತು ಆಗಲ್ಲ ಅಂತ. ಇದಕ್ಕೆ ಆಳೋದು ಅಂತಾರಾ? ಕಲ್ಲಿಗೆ ಕಿರೀಟ ಇಟ್ಟರೆ ಅದೂ ಇಷ್ಟು ಕೆಲಸ ಮಾಡುತ್ತೆ.

ಆ ರಾಜ್ಯದಲ್ಲಿ ಮೇಕೆಹಟ್ಟಿ ಅಂತ ಒಂದು ಊರು. ಆ ಊರಲ್ಲಿ ಗಿಡ್ಡಮ್ಮ ಅಂತ ಒಬ್ಬಳು ಇದ್ದಳಂತೆ. ಹೆಸರಿಗೆ ತಕ್ಕ ಹಾಗೆ ಗಿಡ್ಡಕ್ಕೆ ಇದ್ದಳು, ಆದರೆ ಬಾಯಿ ಮಾತ್ರ ಊರಗಲ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ಚೆಲುವಿ, ಒಂದಷ್ಟು ಮೇಕೆ. ಆ ಊರಿನ ಹಿಂದೆ ಕುರುಚಲು ಕಾಡು, ಆ ಕಾಡಿಂದ ತೋಳ ಬಂದು ಮರಿಗಳನ್ನ ಕಚ್ಕೊಂಡು ಹೋಗ್ತಿದ್ದವಂತೆ. ಊರ ಗಂಡಸರೆಲ್ಲ ಜಗಲಿ ಮೇಲೆ ಕೂತು ಏನ್ ಮಾಡೋದು ಏನ್ ಮಾಡೋದು ಅಂತ ಎಲೆ ಅಡಿಕೆ ಹಾಕ್ಕೊಂಡಿದ್ದರೆ, ಗಿಡ್ಡಮ್ಮ ಗುಡ್ಡಕ್ಕೆ ಹೋಗಿ ಕಳ್ಳಿ ಗಿಡದ ತುಂಡು ಕಡಿದು ತಲೆ ಮೇಲೆ ಹೊತ್ಕೊಂಡು ಬಂದು ಊರಂಚಲ್ಲಿ ನೆಟ್ಟಳಂತೆ. ಕಳ್ಳಿ ಗೊತ್ತಲ್ಲ, ಮೈಯೆಲ್ಲ ಮುಳ್ಳು, ಒಳಗೆ ಹಾಲು. ಆ ಹಾಲು ಕಣ್ಣಿಗೆ ಬಿತ್ತು ಅಂದರೆ ಬೆಂಕಿ ಬಿದ್ದ ಹಾಗೆ. ಇವತ್ತು ಒಂದು ಹೊರೆ, ನಾಳೆ ಒಂದು ಹೊರೆ, ಹಿಂಗೇ ವರ್ಷಾನುಗಟ್ಟಲೆ ನೆಟ್ಟು ನೆಟ್ಟು ಊರಸುತ್ತ ಎದೆಮಟ್ಟ ಬೇಲಿ ಎದ್ದುಬಿಡ್ತಂತೆ. ತೋಳ ಬರೋದು ನಿಂತುಹೋಯ್ತು. ಮೇಕೆ ಮರಿಗಳು ಅಂಗಳದಲ್ಲಿ ಕುಣೀತಿದ್ದವು.

ಆ ವರ್ಷ ಚೆಲುವಿ ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಹೊಟ್ಟೆ ದೊಡ್ಡದಾದ ಹಾಗೆಲ್ಲ ಹುಡುಗಿಗೆ ಭಯ. ಅವ್ವಾ, ನೀನು ಎಲ್ಲೂ ಹೋಗಬೇಡ ಕಣವ್ವಾ ಅನ್ನೋಳು. ಎಲ್ಲಿಗೆ ಹೋಗಲೇ ನಾನು, ನೀನು ನೋವು ತಿನ್ನೋ ಹೊತ್ತಲ್ಲಿ ನಿನ್ನ ತಲೆ ನನ್ನ ತೊಡೆ ಮೇಲೆ ಇರುತ್ತೆ, ಸುಮ್ನೆ ಉಣ್ಣು ಅಂತ ಗಿಡ್ಡಮ್ಮ ಬೈಯೋಳಂತೆ.

ಹಿಂಗಿರಬೇಕಾದರೆ ಊರ ಪಟೇಲ ಬೋರಯ್ಯನಿಗೆ ಒಂದು ಒಳ್ಳೆ ಬುದ್ಧಿ ಬಂತಂತೆ. ಇಂಥಾ ಬೇಲಿ ಬೇರೆ ಊರಿಗೂ ಆಗಲಿ, ರಾಜರ ಕಿವಿಗೆ ಹಾಕೋಣ ಅಂತ ಪಟ್ಟಣಕ್ಕೆ ಹೋದ. ಅರಮನೆ ಬಾಗಿಲು ಕಾಯೋನ ಹತ್ತಿರ, ನಮ್ಮ ಮೇಕೆಹಟ್ಟಿ ಗಿಡ್ಡಮ್ಮ ಊರಸುತ್ತ ಕಳ್ಳಿ ನೆಟ್ಟು ತೋಳದಿಂದ ಕಾಪಾಡವಳೆ ಸ್ವಾಮಿ, ಊರವರೆಲ್ಲ ಬಾಯಿ ತುಂಬ ಹೇಳ್ತಾವರೆ, ರಾಜರು ಒಂದು ಸಲ ಬಂದು ನೋಡಬೇಕು ಅಂದನಂತೆ. ಬಾಗಿಲವನು ಇಷ್ಟುದ್ದ ಯಾಕೆ ಅಂತ ಒಂದಿಷ್ಟು ಕತ್ತರಿಸಿ ದಳವಾಯಿಗೆ, ಮೇಕೆಹಟ್ಟಿ ಗಿಡ್ಡಮ್ಮ ಊರಸುತ್ತ ಕಳ್ಳಿ, ಊರವರೆಲ್ಲ ಹೇಳ್ತಾವರೆ ಅಂದ. ದಳವಾಯಿ ಇನ್ನೊಂದಿಷ್ಟು ಕತ್ತರಿಸಿ ಮಂತ್ರಿಗೆ, ಮೇಕೆಹಟ್ಟಿ ಗಿಡ್ಡಮ್ಮ ಕಳ್ಳಿ ಅಂತ ಊರವರು ಹೇಳ್ತಾರಂತೆ ಅಂದ. ಮಂತ್ರಿ ಬೆಳಿಗ್ಗೆ ರಾಜನ ಮುಂದೆ ಕೈ ಕಟ್ಕೊಂಡು ನಿಂತು, ಮಹಾಸ್ವಾಮಿ, ಮೇಕೆಹಟ್ಟಿ ಗಿಡ್ಡಮ್ಮ ಕಳ್ಳಿ, ಅಷ್ಟೇ ಅಂದುಬಿಟ್ಟ.

ನೋಡಿದ್ಯಾ! ಗಿಡ ಹೋಗಿ ಹೆಂಗಸಾಗಿಬಿಡ್ತು. ಬೇಲಿ ಕಳ್ಳಿ ಹೋಗಿ ಕದಿಯೋ ಕಳ್ಳಿ ಆಗಿಬಿಡ್ತು. ಸರಿ, ಮಾತು ಕೆಟ್ಟಿತ್ತು, ಕೆಡಲಿ. ರಾಜ ಅನ್ನಿಸಿಕೊಂಡೋನು ಏನು ಕೇಳಬೇಕು? ಏನು ಕದ್ದಳು, ಯಾರ ಮನೇಲಿ ಕದ್ದಳು, ಕಂಡೋರು ಯಾರು? ಇಷ್ಟು ಕೇಳೋಕೆ ಏನು ಗಂಟು ಹೋಗ್ತಿತ್ತು ಅವನದು? ದಾರೀಲಿ ಹೋಗೋ ದಾಸಯ್ಯನೂ ಕೇಳ್ತಾನೆ. ಈ ಗೊತ್ತಪ್ಪ ಮೀಸೆ ತಿರುವಿಕೊಂಡು, ಗೊತ್ತು ಗೊತ್ತು, ಆ ಕಳ್ಳೀನ ಊರಾಚೆ ಹಾಕಿ ಅಂದುಬಿಟ್ಟನಂತೆ.

ಆಮೇಲೆ ಸೈನಿಕರು ಮೇಕೆಹಟ್ಟಿಗೆ ಬಂದರಲ್ಲ, ಅವರಿಗೆ ಗೊಂದಲ. ಎದುರಿಗೆ ನೋಡಿದರೆ ಊರಸುತ್ತ ಕಳ್ಳಿ ಬೇಲಿ. ಒಬ್ಬ ಅಂದ, ರಾಜರು ಹೇಳಿದ್ದು ಈ ಕಳ್ಳೀನ ಇರಬೇಕು. ಇನ್ನೊಬ್ಬ ಅಂದ, ಅಲ್ಲ ಕಣಲೇ, ಗಿಡ್ಡಮ್ಮ ಅಂದವರೆ, ಹೆಂಗಸನ್ನ ಇರಬೇಕು. ಮತ್ತೊಬ್ಬ ಅಂದ, ವಾಪಸ್ಸು ಹೋಗಿ ಕೇಳೋಣ್ವಾ? ಕೇಳೋದಾ, ರಾಜರನ್ನಾ, ತಲೆ ಮೇಲೆ ತಲೆ ಇದೆಯೇನೋ ನಿಂಗೆ ಅಂತ ಎಲ್ಲರೂ ಅವನ ಮೇಲೆ ಬಿದ್ದರಂತೆ. ಆಮೇಲೆ ಎಲ್ಲರೂ ಸೇರಿ ಒಂದು ತೀರ್ಮಾನ ಮಾಡಿದರು. ಎರಡೂ ಮಾಡಿಬಿಡೋಣ, ಯಾವುದೋ ಒಂದು ಸರಿ ಇದ್ದೇ ಇರುತ್ತೆ ಅಂತ. ನಂಗೆ ಇಲ್ಲೇ ಹೊಟ್ಟೆ ಉರಿಯೋದು ಕಣೇ. ಅರ್ಧ ಜನ ಮಚ್ಚು ಹಿಡಿದು ಬೇಲಿ ಕಡಿದು ಕಡಿದು ಊರಾಚೆ ಗುಡ್ಡೆ ಹಾಕಿದರು, ಇನ್ನರ್ಧ ಜನ ಗಿಡ್ಡಮ್ಮನ ರಟ್ಟೆ ಹಿಡಿದು ದರದರ ಎಳ್ಕೊಂಡು ಹೋಗಿ ಊರ ಗಡಿಕಲ್ಲಿನ ಆಚೆ ತಳ್ಳಿದರು. ಇವಳು ಕಲ್ಲು ದಾಟಿ ಒಳಗೆ ಬಂದರೆ ಕಾಲು ಮುರೀತೀವಿ ಅಂತ ಕಾವಲು ಬೇರೆ ನಿಲ್ಲಿಸಿದರು.

ಗಿಡ್ಡಮ್ಮ ಬಾಯಿ ಬಡ್ಕೊಂಡಳಂತೆ. ನಾನು ಏನು ಕದ್ದೆ, ಯಾರದ್ದು ಕದ್ದೆ ಹೇಳ್ರೋ ಅಂತ. ಊರವರು ಏನು ಮಾಡಿದರು ಗೊತ್ತಾ? ತಲೆ ಬಗ್ಗಿಸಿದರು. ರಾಜರೇ ಹೇಳಿದಮೇಲೆ ಏನೋ ಕದ್ದೇ ಇರಬೇಕು ಅಂತ ಮೊದಲು ಒಬ್ಬಳು ಪಿಸುಗುಟ್ಟಿದಳು. ಆಮೇಲೆ ಎಲ್ಲರೂ ಅವರವರ ಮನೆಗೆ ಹೋಗಿ ಹುಡುಕೋಕೆ ಶುರು. ನಮ್ಮ ಮರದ ಸೌಟು ಕಾಣ್ತಿಲ್ಲ ಅಂದಳು ಪಟೇಲನ ಹೆಂಡತಿ. ನಮ್ಮ ಕೆಂಪು ಹುಂಜ ಹೋದ ಹಬ್ಬದಿಂದ ಇಲ್ಲ ಅಂದಳು ಇನ್ನೊಬ್ಬಳು. ಹೋದ ಹಬ್ಬಕ್ಕೆ ಅದನ್ನ ಸಾರು ಮಾಡಿ ತಿಂದಿದ್ದು ಅವಳ ಮನೆಯವರೇ! ಇನ್ನು ಪಟೇಲ ಬೋರಯ್ಯ, ತಾನೇ ಹೋಗಿ ಹೊಗಳಿ ಬಂದೋನು, ಅವನಾದರೂ ಒಂದು ಮಾತು ಆಡಬಾರದಾ? ನಮಗೆ ತಿಳೀದೆ ಇರೋದು ರಾಜರಿಗೇನೋ ತಿಳಿದಿರಬೇಕು ಅಂತ ಪಂಚೆ ಕೊಡವಿಕೊಂಡು ಒಳಗೆ ಹೋದನಂತೆ. ಇಂಥವರನ್ನ ಕಟ್ಕೊಂಡು ಊರು ಅಂತ ಬೇರೆ ಕರೀಬೇಕು. ಚೆಲುವಿ ಒಬ್ಬಳೇ ಅಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ಗಡಿಕಲ್ಲಿನವರೆಗೆ ಬಂದು, ಅವ್ವಾ ಅವ್ವಾ ಅಂತ ಅತ್ತಳಂತೆ. ಅಳಬೇಡ ಕಣೇ, ಹೊಟ್ಟೇಲಿರೋ ಕೂಸಿಗೆ ಆಗಲ್ಲ, ನಾನು ರಾಜನ ಹತ್ತಿರಾನೇ ಹೋಗಿ ಕೇಳ್ತೀನಿ, ನಿನ್ನ ಹೆರಿಗೆ ಹೊತ್ತಿಗೆ ಬಂದೇ ಬರ್ತೀನಿ ಅಂತ ಗಿಡ್ಡಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹೊರಟಳು.

ಅರಮನೆ ಬಾಗಿಲಲ್ಲಿ ಕಾವಲಿನವನು ತಡೆದ. ಒಳಗೆ ಬೇಕಾದರೆ ಹೋಗು, ಆದರೆ ರಾಜರು ಕೇಳದೆ ಬಾಯಿಬಿಟ್ಟರೆ ನಾಲಿಗೆ ಹೋಗುತ್ತೆ ನೋಡು ಅಂದನಂತೆ. ಗಿಡ್ಡಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು, ಅಷ್ಟೇ ತಾನೇ, ಒಂದು ಪ್ರಶ್ನೆ ಕೇಳಬೇಕು ತಾನೇ ಅವನು, ಕೇಳಿಸ್ತೀನಿ ಬಿಡು ಅಂದಳು.

ಆಮೇಲೆ ಏನು ಮಾಡಿದಳು, ಒಂದು ಮೊರ ತಂದಳು, ಅದರಲ್ಲಿ ರುಬ್ಬೋ ಗುಂಡುಕಲ್ಲು ಇಟ್ಟಳು. ಆ ಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ಕುಲಾವಿ ಕಟ್ಟಿ, ಹಣೆಗೆ ಕಾಡಿಗೆ ಬೊಟ್ಟಿಟ್ಟು, ಕಂಕುಳಲ್ಲಿ ಎತ್ಕೊಂಡು ಆಸ್ಥಾನದ ನಡುವೆ ಹೋಗಿ ಕೂತು, ತುಟಿ ಬಿಚ್ಚದೆ ಮೂಗಲ್ಲೇ ಜೋಗುಳ ಗುನುಗುತ್ತಾ ತಟ್ಟೋಕೆ ಶುರು ಮಾಡಿದಳಂತೆ. ಎಲ್ಲರ ಬಾಯೂ ತೆರೆದಿತ್ತು. ಕಲ್ಲಿಗೆ ಯಾಕಮ್ಮ ಜೋಗುಳ ಅಂತ ಕೇಳದೆ ಇರೋಕೆ ಯಾರಿಗಾದರೂ ಆಗುತ್ತಾ? ರಾಜನ ಹುಬ್ಬು ಮೇಲೆ ಹೋಯ್ತು. ತುಟಿ ಅಲ್ಲಾಡಿತು. ಗಂಟಲಲ್ಲಿ ಏ ಅಂತ ಒಂದು ಸದ್ದೂ ಬಂತು. ಗಿಡ್ಡಮ್ಮ ಮುಂದಕ್ಕೆ ಬಾಗಿ, ಕೇಳು, ಕೇಳು ನನ್ನಪ್ಪಾ ಅಂತ ಮನಸ್ಸಲ್ಲೇ ಬೇಡ್ಕೊಂಡಳು. ಏ ಅಂದೋನು ಏನು ಅನ್ನಲಿಲ್ಲ, ಕೆಮ್ಮಿದ. ಆಮೇಲೆ ಗೊತ್ತು ಗೊತ್ತು, ಮುಂದೆ ನಡೀಲಿ ಅಂದ. ಮಹಾಸ್ವಾಮಿಯವರಿಗೆ ಗೊತ್ತಿಲ್ಲದ್ದು ಏನಿದೆ ಅಂತ ಮಂತ್ರಿ ಹಲ್ಲು ಕಿರಿದ. ಗಿಡ್ಡಮ್ಮನ್ನ ಮೊರದ ಸಮೇತ ಆಚೆ ತಳ್ಳಿದರಂತೆ. ಏನು ಗೊತ್ತಿತ್ತು ಅವನಿಗೆ, ಮಣ್ಣು!

ಆದರೂ ಗಿಡ್ಡಮ್ಮ ಬಿಡಲಿಲ್ಲ. ಅರಮನೆ ಹಿಂದುಗಡೆ ರಾಣಿವಾಸದ ಕಿಟಕಿ ಕೆಳಗೆ ಒಂದು ಬೇವಿನ ಮರ ಇತ್ತು. ಮಧ್ಯಾಹ್ನ ಊಟ ಆಗಿ ರಾಜ ಮಂಚದ ಮೇಲೆ ಉರುಳಿಕೊಂಡಿರೋ ಹೊತ್ತು ನೋಡಿ, ಆ ಮರದ ಬುಡದಲ್ಲಿ ಕೂತು ಗಟ್ಟಿಯಾಗಿ ಒಂದು ಕತೆ ಶುರು ಮಾಡಿದಳಂತೆ. ಮದುವೆ ಹೆಣ್ಣನ್ನ ಪಲ್ಲಕ್ಕೀಲಿ ಕೂರಿಸಿ ಗಂಡನ ಮನೆಗೆ ಕಳಿಸ್ತಾರೆ, ದಾರೀಲಿ ಹೊಳೆ ಸಿಗುತ್ತೆ, ಬೋವಿಗಳು ಪಲ್ಲಕ್ಕಿ ಇಳಿಸಿ ನೀರು ಕುಡಿಯೋಕೆ ಹೋಗ್ತಾರೆ, ವಾಪಸ್ಸು ಬಂದು ಎತ್ತಿದರೆ ಪಲ್ಲಕ್ಕಿ ಭಾರ ಆಗಿಬಿಟ್ಟಿದೆ, ಎತ್ತೋಕೇ ಆಗ್ತಿಲ್ಲ. ಪರದೆ ಮೆಲ್ಲಗೆ ಅಲ್ಲಾಡುತ್ತೆ, ಒಳಗಿಂದ ಒಂದು ಕೈ ಆಚೆ ಬರುತ್ತೆ, ಆ ಕೈ ನೋಡಿದರೆ... ಅಂತ ಹೇಳಿ ಅಲ್ಲಿಗೆ ನಿಲ್ಲಿಸಿ, ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚೋಕೆ ಶುರು ಮಾಡಿದಳು. ಕಿಟಕೀಲಿ ದಾಸಿಯರೆಲ್ಲ ಆಮೇಲೆ ಆಮೇಲೆ ಅಂತ ಬೊಬ್ಬೆ. ರಾಣಿ ನಾಗಾಜಮ್ಮಣ್ಣಿ ತಾನೇ ಕಿಟಕಿಗೆ ಬಂದು, ಆಮೇಲೆ ಏನಾಯ್ತು ಹೇಳೇ ಅಂದಳಂತೆ. ರಾಜ ಮಂಚದ ಮೇಲೆ ಎದ್ದು ಕೂತಿದ್ದ. ಆಮೇಲೆ ಅನ್ನೋ ಮಾತು ಬಾಯಿವರೆಗೆ ಬಂದಿತ್ತು. ನುಂಗಿಬಿಟ್ಟನಂತೆ! ಮಂತ್ರೀನ ಕರೆಸಿ, ಆ ಕತೇ ಕೊನೆ ಹೇಳು ಅಂತ ಅಪ್ಪಣೆ ಮಾಡಿದ. ಅಪ್ಪಣೆ ಆದರೆ ಪ್ರಶ್ನೆ ಅಲ್ಲವಲ್ಲ. ಮಂತ್ರಿಗೇನು ಗೊತ್ತು, ಆ ಕೈ ತಮ್ಮದೇ ಮಹಾಸ್ವಾಮಿ, ತಾವು ಹೋಗಿ ಹೆಣ್ಣನ್ನ ಕಾಪಾಡಿದಿರಿ ಅಂದ. ಪಲ್ಲಕ್ಕಿ ಒಳಗೆ ತಾನು ಹೆಂಗೆ ಹೋದೆ ಅಂತಾದರೂ ಕೇಳಬಾರದಾ ಆ ರಾಜ? ಗೊತ್ತು ಅಂದ, ಮಗ್ಗುಲು ಬದಲಾಯಿಸಿದ.

ರಾಣಿ ಮಾತ್ರ ಕೆಳಗೆ ಇಳಿದು ಬಂದು, ನೀನು ಯಾರವ್ವಾ, ಯಾಕೆ ಹಿಂಗೆ ಬಿಸಿಲಲ್ಲಿ ಕೂತಿದ್ದೀಯಾ ಅಂತ ಕೇಳಿದಳಂತೆ. ಗಿಡ್ಡಮ್ಮ ಎಲ್ಲಾ ಹೇಳಿದಳು. ರಾಣಿಗೆ ಕಣ್ಣಲ್ಲಿ ನೀರು ಬಂತು. ಸಂಜೆ ಗಂಡನ ಮುಂದೆ ಹೋಗಿ ನಿಂತು, ನೋಡಿ, ಆ ಮೇಕೆಹಟ್ಟಿ ಹೆಂಗಸಿನ ವಿಷಯ ಅಂತ ಶುರು ಮಾಡಿದಳೋ ಇಲ್ಲವೋ, ಗೊತ್ತು ಗೊತ್ತು ಅಂತ ಕೈ ಎತ್ತಿಬಿಟ್ಟ. ಕೇಳದೆ ಮಾತಾಡಬಾರದು ಅನ್ನೋ ಕಾನೂನು ಹೆಂಡತಿಗೂ ಇತ್ತಂತೆ. ಕಟ್ಕೊಂಡ ಹೆಂಡತಿ ಎದುರಿಗೆ ಕಣ್ಣೀರು ಹಾಕ್ಕೊಂಡು ನಿಂತಿದ್ದರೆ ಯಾಕೆ ಅಳ್ತೀಯಾ ಅಂತಲೂ ಕೇಳದೆ ಇರೋ ಗಂಡ ಅದೆಂಥಾ ಗಂಡ! ರಾಣಿ ಬಾಗಿಲು ದಢಾರಂತ ಹಾಕ್ಕೊಂಡು ಒಳಗೆ ಹೋದಳಂತೆ. ಗಿಡ್ಡಮ್ಮ ಇನ್ನು ಇಲ್ಲಿದ್ದು ಪ್ರಯೋಜನ ಇಲ್ಲ, ಮಗಳ ಹತ್ತಿರಾನಾದರೂ ಇರೋಣ ಅಂತ ಬರಿಗೈಲಿ ವಾಪಸ್ಸು ಬಂದು ಗಡಿಕಲ್ಲಿನ ಆಚೆ ಒಂದು ಇಪ್ಪೆ ಮರದ ಕೆಳಗೆ ಗರಿ ಹೊದಿಸಿ ಗುಡಿಸಲು ಹಾಕ್ಕೊಂಡಳು. ಪಕ್ಕದಲ್ಲೇ ಕಡಿದು ಹಾಕಿದ ಕಳ್ಳಿ ಗುಡ್ಡೆ. ಅದರ ಮುಖ ನೋಡಿದರೆ ಅವಳಿಗೆ ಅಳು ಬರ್ತಿತ್ತಂತೆ. ಎಷ್ಟು ವರ್ಷದ ಕೆಲಸ ಅದು.

ಆಮೇಲೆ ಏನಾಗಬೇಕೋ ಅದೇ ಆಯ್ತು. ಬೇಲಿ ಇಲ್ಲದ ಊರಿಗೆ ತೋಳ ಬಂದವು. ಮೊದಲು ಮೇಕೆಹಟ್ಟಿ ಮರಿಗಳು ಹೋದವು. ಅವು ಖಾಲಿಯಾದಮೇಲೆ, ಮೇಕೆಮರಿ ರುಚಿ ಹತ್ತಿತ್ತಲ್ಲ, ಪಕ್ಕದ ಊರು, ಅದರ ಪಕ್ಕದ ಊರು, ಹಿಂಗೇ ತಿಂತಾ ತಿಂತಾ ಪಟ್ಟಣದ ಹತ್ತಿರಕ್ಕೇ ಬಂದವಂತೆ. ದಿನಾ ಬೆಳಿಗ್ಗೆ ಮಂತ್ರಿ ತೋಳ, ಮಹಾಸ್ವಾಮಿ ಅನ್ನೋನು. ರಾಜ ಗೊತ್ತು ಅನ್ನೋನು. ಎಲ್ಲಿಂದ ಬಂದವು, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬಂದವು ಅಂತ ಊಹೂಂ. ಬಡವರ ಮರಿ ಹೋಗೋ ತನಕ ಅವನಿಗೇನೂ ಆಗಲಿಲ್ಲ ನೋಡು. ಕೊನೆಗೆ ಒಂದು ದಿವಸ ರಾಜ ಮುದ್ದಿನಿಂದ ಸಾಕಿದ್ದ ಟಗರನ್ನೇ ತೋಳ ಹೊತ್ಕೊಂಡು ಹೋಯ್ತಂತೆ. ಆಗ ಬಂತು ಸಿಟ್ಟು! ಕುದುರೆ ಹತ್ತಿ, ಸೈನಿಕರನ್ನ ಕಟ್ಕೊಂಡು, ತೋಳದ ಹೆಜ್ಜೆ ಹಿಡಿದು ಹೊರಟ. ಹೆಜ್ಜೆ ಹೋಗಿ ಹೋಗಿ ಮೇಕೆಹಟ್ಟಿ ಹತ್ತಿರದ ಕುರುಚಲು ಕಾಡಿಗೇ ಹೋಯ್ತು.

ಅವತ್ತೇ ಬೆಳಿಗ್ಗೆ ಚೆಲುವಿಗೆ ನೋವು ಶುರುವಾಗಿತ್ತಂತೆ. ಗಿಡ್ಡಮ್ಮನ ಮನೆ ಇದ್ದಿದ್ದು ಊರಂಚಲ್ಲೇ, ಮಗಳು ಅವ್ವಾ ಅಂತ ಕೂಗೋದು ಗಡಿಕಲ್ಲಿನವರೆಗೆ ಕೇಳಿಸ್ತಿತ್ತು. ಗಿಡ್ಡಮ್ಮ ಕಾವಲಿನವರ ಕಾಲು ಹಿಡಿದಳು. ಬಿಡ್ರಪ್ಪಾ, ಮಗು ಹುಟ್ಟಿದ ತಕ್ಷಣ ವಾಪಸ್ಸು ಬಂದು ಇಲ್ಲೇ ಕೂರ್ತೀನಿ, ಬೇಕಾದರೆ ಆಮೇಲೆ ನನ್ನ ಕಾಲು ಮುರೀರಿ ಅಂದಳು. ಅವರು ಭರ್ಜಿ ಅಡ್ಡ ಹಿಡಿದು, ರಾಜರ ಅಪ್ಪಣೆ ಅಂದರು. ಮುಖ ಆ ಕಡೆ ತಿರುಗಿಸಿಕೊಂಡು ಅಂದರಂತೆ, ನಾಚಿಕೆ ಅಷ್ಟಾದರೂ ಇತ್ತು.

ಅದೇ ಹೊತ್ತಿಗೆ ರಾಜನ ಕುದುರೆ ದಡದಡ ಅಂತ ಬಂತು. ಪೊದೆಯಿಂದ ತೋಳ ಛಂಗಂತ ಹಾರಿತು, ಕುದುರೆ ಬೆದರಿ ಮುಂಗಾಲು ಎತ್ತಿತು, ಉದ್ದಂಡರಾಯ ಹಾರಿ ಹೋಗಿ ಮುಖ ಅಡಿಯಾಗಿ ಬಿದ್ದ. ಎಲ್ಲಿಗೆ ಬಿದ್ದ? ಅವನ ಜನಾನೇ ಕಡಿದು ಗುಡ್ಡೆ ಹಾಕಿದ್ದ ಕಳ್ಳಿ ಮೇಲೆ. ಕಳ್ಳಿ ಅಷ್ಟು ಸುಲಭಕ್ಕೆ ಸಾಯಲ್ಲ ಕಣೇ, ಕಡಿದು ಎಷ್ಟು ದಿನ ಆದರೂ ಒಳಗೆ ಹಸಿ ಇರುತ್ತೆ. ಮುರಿದ ತುಂಡಿನಿಂದೆಲ್ಲ ಹಾಲು ಚಿಮ್ಮಿ ಎರಡು ಕಣ್ಣಿಗೂ ತುಂಬಿಬಿಡ್ತು. ಅಯ್ಯೋ ಕಣ್ಣು, ನನ್ನ ಕಣ್ಣು ಅಂತ ರಾಜ ನೆಲದ ಮೇಲೆ ಹೊರಳಾಡಿದನಂತೆ.

ಸುತ್ತ ಅಷ್ಟು ಜನ ಸೈನಿಕರು ನಿಂತಿದ್ದಾರೆ. ಪಕ್ಕದಲ್ಲೇ ಗಿಡ್ಡಮ್ಮನ ನೀರಿನ ಬಾನಿ ಇದೆ, ಎಲ್ಲರಿಗೂ ಕಾಣ್ತಿದೆ. ಮಹಾಸ್ವಾಮಿ ಇಲ್ಲಿ ನೀರಿದೆ ಅಂತ ಒಬ್ಬನಾದರೂ ಹೇಳಬೇಕಲ್ಲ. ಹೇಳೋ ಹಂಗಿಲ್ಲ, ರಾಜರು ಏನೂ ಕೇಳಿಲ್ಲವಲ್ಲ! ಕಣ್ಣು ಕಣ್ಣು ಅಂದರಲ್ಲ, ಅದು ಪ್ರಶ್ನೆ ಅಲ್ಲವಲ್ಲ. ಮುಟ್ಟೋಕೂ ಹೆದರಿಕೆ, ಆಡೋಕೂ ಹೆದರಿಕೆ. ಎಲ್ಲರೂ ಕೈ ಕಟ್ಕೊಂಡು ಸಾಲಾಗಿ ನಿಂತು ನೋಡ್ತಿದ್ದರಂತೆ. ಅವನು ಮಾಡಿದ ಕಾನೂನು, ಅವನೇ ಉಣ್ಣಲಿ.

ಗಿಡ್ಡಮ್ಮನಿಗೆ ಒಂದು ಕಿವೀಲಿ ಮಗಳ ಕೂಗು, ಇನ್ನೊಂದು ಕಿವೀಲಿ ಇವನ ಕೂಗು. ಒಂದು ಗಳಿಗೆ ಅನ್ನಿಸ್ತಂತೆ, ಬೇಯಲಿ ಮೂಳ, ನನ್ನ ಹೊಟ್ಟೆ ಎಷ್ಟು ಉರೀತೋ ಅಷ್ಟು ಇವನ ಕಣ್ಣು ಉರೀಲಿ ಅಂತ. ನಾನಾಗಿದ್ದರೆ ಹಂಗೇ ಮಾಡ್ತಿದ್ದೆನೋ ಏನೋ. ಆದರೆ ಅವಳಿಗೆ ಕಳ್ಳಿ ಹಾಲಿನ ಉರಿ ಗೊತ್ತು, ಎಷ್ಟು ಸಲ ಅವಳ ಕೈಗೇ ಬಿದ್ದಿತ್ತು. ಓಡಿಹೋಗಿ ರಾಜನ ಜುಟ್ಟು ಹಿಡಿದು ಎಳೆದು ತಂದು ತಲೇನ ಬಾನಿ ಒಳಗೆ ಅದುಮಿದಳಂತೆ. ಮೇಲೆ ಎತ್ತೋದು, ಕಣ್ಣು ಬಿಡಿಸಿ ನೀರು ಹುಯ್ಯೋದು, ಮತ್ತೆ ಅದುಮೋದು. ಉಜ್ಜಬೇಡ ಸುಮ್ನಿರು ಅಂತ ಕೈ ಮೇಲೆ ಒಂದು ಏಟೂ ಕೊಟ್ಟಳು. ಸೈನಿಕರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು.

ರಾಜನಿಗೆ ಕಣ್ಣು ಕಾಣ್ತಿಲ್ಲ. ತಲೆ ಮೇಲೆ ಯಾರದ್ದೋ ಕೈ, ಒರಟು ಕೈ, ನೀರು ಹುಯ್ತಾ ಇದೆ. ಅವನ ಹತ್ತಿರ ಗೊತ್ತು ಅನ್ನೋಕೆ ಏನೂ ಉಳಿದಿರಲಿಲ್ಲ. ಕತ್ತಲಲ್ಲಿ ಕೈ ಆಡಿಸಿ ಆ ಕೈ ಹಿಡ್ಕೊಂಡು, ಯಾರು, ಯಾರಿದು ಅಂದುಬಿಟ್ಟನಂತೆ.

ಕೇಳಿದ! ಕೊನೆಗೂ ಕೇಳಿದ! ಕೇಳಿದಮೇಲೆ ಗಿಡ್ಡಮ್ಮನ್ನ ತಡೆಯೋರು ಯಾರು? ನಾನು ಮೇಕೆಹಟ್ಟಿ ಗಿಡ್ಡಮ್ಮ, ಕಳ್ಳಿ ಅಂದಳು. ನೀನು ಏನು ಕದ್ದಿದ್ದೆ ಅಂತ ರಾಜ ಕೇಳಿದ. ಅದನ್ನ ನೀವು ಹೇಳಬೇಕು ಬುದ್ಧೀ, ಊರಾಚೆ ಹಾಕಿದೋರು ನೀವು, ಅವತ್ತೇ ಕೇಳಬೇಕಿತ್ತು ಅಂದಳು. ರಾಜ ಅವಳ ದನಿ ಬಂದ ಕಡೆ ತಿರುಗಿದ. ಹಂಗಾದರೆ ಅವತ್ತು ಮಂತ್ರಿ ಹೇಳಿದ್ದು ಯಾವ ಕಳ್ಳಿ ಅಂತ ಕೇಳಿದನಂತೆ. ಗಿಡ್ಡಮ್ಮ ಇನ್ನೊಂದು ತಂಬಿಗೆ ನೀರು ಅವನ ಮುಖಕ್ಕೆ ರಪ್ಪಂತ ಹೊಡೆದು, ಈಗ ನಿಮ್ಮ ಕಣ್ಣಲ್ಲಿ ಉರೀತಾ ಇದೆಯಲ್ಲ ಬುದ್ಧೀ, ಅದೇ ಕಳ್ಳಿ ಅಂದಳು. ನಾನು ಬೆಳೆಸಿದ ಬೇಲಿ, ನೀವು ಕಡಿಸಿದ ಬೇಲಿ. ಬೇಲಿ ಹೋಗಿದ್ದಕ್ಕೆ ತೋಳ ಬಂದಿದ್ದು. ಇನ್ನೇನೂ ಕೇಳಬೇಡಿ ಈಗ, ಅಲ್ಲಿ ನನ್ನ ಮಗಳು ಹೆರ್ತಾ ಇದ್ದಾಳೆ, ನಾನು ಹೋಗಬೇಕು, ನಿಮ್ಮವರು ಭರ್ಜಿ ಹಿಡಿದು ನಿಂತವರೆ ಅಂದಳಂತೆ.

ರಾಜ ಸೈನಿಕರ ಕಡೆ ಕುರುಡು ಮುಖ ತಿರುಗಿಸಿ, ಯಾಕೆ ತಡೀತಿದ್ದೀರಿ ಅವಳನ್ನ ಅಂತ ಕೇಳಿದ. ತಾವೇ ಹೇಳಿದ್ದು ಮಹಾಸ್ವಾಮಿ ಅಂತ ಒಬ್ಬ ಮೆಲ್ಲಗೆ ಅಂದ. ಆ ಮಾತು ಕೇಳಿಸಿಕೊಂಡು ರಾಜ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟನಂತೆ. ಭರ್ಜಿ ಬದಿಗೆ ಸರಿದವು. ಗಿಡ್ಡಮ್ಮ ಹಿಂದೆ ತಿರುಗಿ ನೋಡಲಿಲ್ಲ. ಗಡಿಕಲ್ಲು ದಾಟಿ, ಬೇಲಿ ಇದ್ದ ಜಾಗ ದಾಟಿ, ಬಾಗಿಲಲ್ಲಿ ನಿಂತಿದ್ದ ಪಟೇಲನ ಹೆಂಡತೀನ ಪಕ್ಕಕ್ಕೆ ನೂಕಿ ಒಳಗೆ ಓಡಿದಳು. ಬಂದೆಯಾ ಅವ್ವಾ ಅಂದಳಂತೆ ಚೆಲುವಿ. ಬಂದೆ ಕಣೇ ಬಂದೆ ಅಂತ ಮಗಳ ತಲೆ ಎತ್ತಿ ತೊಡೆ ಮೇಲೆ ಇಟ್ಕೊಂಡಳು.

ಆಮೇಲೆ ರಾಜ ಕಣ್ಣಿಗೆ ಒದ್ದೆ ಬಟ್ಟೆ ಕಟ್ಕೊಂಡು ಸೈನಿಕನ ಹೆಗಲು ಹಿಡಿದು ಬಂದು ಗಿಡ್ಡಮ್ಮನ ಮನೆ ಜಗಲಿ ಮೇಲೆ ಕೂತನಂತೆ. ಕೂತು ಒಬ್ಬೊಬ್ಬರನ್ನೇ ಕೇಳೋಕೆ ಶುರು ಮಾಡಿದ. ನೀನು ಏನು ಹೇಳಿ ಕಳಿಸಿದ್ದೆ ಅಂತ ಪಟೇಲನ್ನ ಕೇಳಿದ. ಬೋರಯ್ಯ ಪಂಚೆ ಹಿಂಡ್ಕೊಂಡು ನಿಂತು ಎಲ್ಲಾ ಬಾಯಿಬಿಟ್ಟ. ನಿಮ್ಮ ಮನೇಲಿ ಏನು ಕಳುವಾಗಿತ್ತು ಅಂತ ಹೆಂಗಸರನ್ನ ಕೇಳಿದ. ಪಟೇಲನ ಹೆಂಡತಿ ನೆಲ ನೋಡ್ತಾ, ಸೌಟು ಒಲೆ ಹಿಂದೇನೇ ಬಿದ್ದಿತ್ತು ಬುದ್ಧೀ ಅಂದಳು. ಹುಂಜದವಳು ಮೆಲ್ಲಗೆ ಜನರ ಹಿಂದೆ ಸರಿದಳು. 

ಅಷ್ಟರಲ್ಲಿ ಒಳಗಿಂದ ಕುವ್ವಾ ಅಂತ ಮಗು ಅಳೋದು ಕೇಳಿಸ್ತು. ರಾಜ ಎಲ್ಲರಿಗಿಂತ ಮೊದಲು ಎದ್ದು ನಿಂತು, ಏನು ಮಗು, ತಾಯಿ ಹೆಂಗಿದ್ದಾಳೆ ಅಂತ ಕೇಳಿದನಂತೆ, ಅಕ್ಕಪಕ್ಕದ ಮನೆಯವರು ಕೇಳ್ತಾರಲ್ಲ ಹಂಗೇ. ಹೆಣ್ಣುಮಗು, ಇಬ್ಬರೂ ಚೆನ್ನಾಗವರೆ ಅಂತ ಸೂಲಗಿತ್ತಿ ಒಳಗಿಂದಲೇ ಕೂಗಿದಳು.

ಗಿಡ್ಡಮ್ಮ ಸೆರಗಲ್ಲಿ ಕೈ ಒರೆಸಿಕೊಂಡು ಆಚೆ ಬಂದಳು. ರಾಜ ಕಣ್ಣಿನ ಬಟ್ಟೆ ಬಿಚ್ಚಿದ, ಕೆಂಡದ ಹಾಗೆ ಕೆಂಪಾಗಿತ್ತು, ಆದರೆ ಮಸುಕು ಮಸುಕಾಗಿ ಕಾಣ್ತಿತ್ತಂತೆ. ಅಷ್ಟು ಜನರ ಎದುರಿಗೆ ಕೈ ಮುಗಿದು, ತಪ್ಪಾಯ್ತು ತಾಯಿ, ನಿನ್ನ ಹತ್ತಿರ ಕ್ಷಮೆ ಕೇಳ್ತೀನಿ ಅಂದ. ಗಿಡ್ಡಮ್ಮ ಅವನನ್ನ ಮೇಲಿಂದ ಕೆಳಗಿನವರೆಗೆ ನೋಡಿದಳು. ನೋಡಿ, ಕ್ಷಮೆ ಆಮೇಲೆ ಬುದ್ಧೀ, ಮೊದಲು ಬೇಲಿ ಅಂದಳಂತೆ.

ಅವತ್ತಿಂದ ರಾಜ ತಾನೇ ಕಳ್ಳಿ ತುಂಡು ಹೊತ್ತ. ಕೈಯೆಲ್ಲ ಮುಳ್ಳು ಚುಚ್ಚಿಸಿಕೊಂಡ, ಹೆಂಗೆ ನೆಡಬೇಕು, ಎಷ್ಟು ಆಳ, ಯಾವ ಕಡೆ ಮೇಲೆ ಅಂತ ಕೇಳಿ ಕೇಳಿ ನೆಟ್ಟ. ಪಟೇಲನೂ ಹೊತ್ತ, ಮಂತ್ರಿಯೂ ಹೊತ್ತ, ಊರವರೆಲ್ಲ ಹೊತ್ತರು. ರಾಣಿ ನಾಗಾಜಮ್ಮಣ್ಣಿ ಬಾಣಂತಿಗೆ ಅಂತ ತುಪ್ಪ ತಂದು, ಆ ಪಲ್ಲಕ್ಕಿ ಕತೇ ಕೊನೆ ಕೇಳಿಸಿಕೊಂಡೇ ಎದ್ದಳಂತೆ. ಬೇಲಿ ಮತ್ತೆ ಎದೆಮಟ್ಟ ಎದ್ದಿತು, ತೋಳ ಕಾಡಿಗೆ ವಾಪಸ್ಸು ಹೋದವು, ಆ ಹಳೇ ಕಾನೂನು ಹೋಯ್ತು. ಆಸ್ಥಾನದಲ್ಲಿ ಎಷ್ಟು ಗದ್ದಲ ಅಂದರೆ ಸಂತೆ ಹಾಗೆ ಆಗಿಬಿಡ್ತಂತೆ, ಯಾರು ಬಂದರೂ ರಾಜ ಮೊದಲು ಏನಪ್ಪಾ, ಯಾಕೆ ಬಂದೆ, ಆಮೇಲೆ ಏನಾಯ್ತು ಅಂತ ಕೇಳೋನು. ಚೆಲುವಿ ಮಗಳು ಆ ಬೇಲಿ ಒಳಗೆ ಮೇಕೆಮರಿ ಜೊತೆ ಕುಣೀತಾ ಬೆಳೆದಳು. ಎಲ್ಲರೂ ಸುಖವಾಗಿದ್ದರು.

ಗಿಡ್ಡಮ್ಮ ಕ್ಷಮಿಸಿದಳಾ ಅಂತೀಯಾ? ಬೇಲಿ ಪೂರ್ತಿ ಆದಮೇಲೆ ಕ್ಷಮಿಸಿದಳು ಅಂತಾರಪ್ಪ. ನಾನಾಗಿದ್ದರೆ ಇನ್ನೂ ಒಂದು ವರ್ಷ ಕಾಯಿಸ್ತಿದ್ದೆ. ಕತೆ ಮುಗೀತು, ಕಣ್ಣು ಮುಚ್ಚು.